ಕಂಕುಳಲ್ಲಿ ಸಿಕ್ಕ ಉತ್ತರ

ಶಿರಸಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಯೂನಿಫಾರ್ಮ್ ಒಣಗಿಲ್ಲ, ಅದು ಬೇರೆ ಕಥೆ.

ನರ್ಸಿಂಗ್ ಕಲಿಯುತ್ತಿರುವ ನನಗೆ ಇವತ್ತು ವಾರ್ಡಿನಲ್ಲಿ ಸಿಕ್ಕಿದ್ದು ಹಳ್ಳಿಯ ಒಬ್ಬ ಅಜ್ಜಿ. ಜ್ವರ 103, ಮೈಮೇಲೆ ಕೆಂಪು ದದ್ದು. "ಪಿತ್ತದ ಗಂಧೆ ತಂಗೀ, ಮುರುಗಲು ಪಾನಕ ಕುಡಿದೆ" ಅಂದರು. ನಾನು ಪುಸ್ತಕ ಓದಿ ಬಂದವಳಲ್ವಾ, ಸುಮ್ನೆ ಇರದೆ "ಡೆಂಗಿ" ಅಂದುಬಿಟ್ಟೆ. ಮೇಡಂ ನಕ್ಕರು. "ಕಾಯಿಲೆ ಹೆಸರು ಡಾಕ್ಟರ್ ಹೇಳ್ತಾರೆ. ನೀನು ಕೇಳು, ನೋಡು."

ಕೇಳಿದೆ. ಜ್ವರ ಬಂದು ಐದನೇ ದಿನಕ್ಕೆ ದದ್ದು. ಹೊಟ್ಟೆ, ಬೆನ್ನಲ್ಲಿ ಶುರು. ತುರಿಕೆ ಇಲ್ಲ. ಗಂಧೆಯಾದರೆ ತುರಿಸದೆ ಇರುತ್ತಾ? ಗಾಜಿನ ಲೋಟ ಒತ್ತಿದೆ, ಕೆಂಪು ಮಾಯವಾಯಿತು. ಮಾಯವಾಗದಿದ್ದರೆ ಚರ್ಮದಡಿ ರಕ್ತ ಒಸರಿರಬಹುದು, ಆಗ ಡಾಕ್ಟರ್ ಹತ್ತಿರ ಓಡಬೇಕು. ಬಾಯೊಳಗೆ ದಡಾರದ ಬಿಳಿ ಚುಕ್ಕೆಯೂ ಇರಲಿಲ್ಲ.

ಮೇಡಂ ಪರದೆ ಎಳೆದು ಕಂಕುಳು ನೋಡು ಅಂದರು. ಅಲ್ಲಿತ್ತು, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ! ನೋವೇ ಇಲ್ಲ, ಹಾಗಾಗಿ ಅಜ್ಜಿಗೆ ಗೊತ್ತೇ ಇರಲಿಲ್ಲ. ಸ್ಕ್ರಬ್ ಟೈಫಸ್ ಇರಬೇಕು. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ. ಡಾಕ್ಟರ್ ರಕ್ತ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಶುರು ಮಾಡಿಸಿದರು.

ನಮ್ಮ ಕಡೆ ಕಾಡಿನ ಜ್ವರ ಅಂದರೆ ಎಲ್ಲರಿಗೂ ಮಂಗನ ಕಾಯಿಲೆಯೇ ನೆನಪು. ಅದು ಉಣುಗು ಕಚ್ಚಿ ಬರುವುದು, ಬೇಸಿಗೆಯಲ್ಲೇ ಜಾಸ್ತಿ.

ಸಂಜೆ ಹೊರಡುವಾಗ ಅಜ್ಜಿ ಅಂದರು, "ಹತ್ತು ದಿನದ ಹಿಂದೆ ಬೆಟ್ಟಕ್ಕೆ ಸೊಪ್ಪು ತರಲು ಹೋಗಿದ್ದೆ. ನೀನು ಅದನ್ನು ಕೇಳಲೇ ಇಲ್ಲವಲ್ಲೇ."