ಡಾಸನ್‌ನಿಂದ ಒಟ್ಟಾವಾಕ್ಕೆ: 23–2ರಲ್ಲಿ ಸೋತ ತಂಡದ ದಾರಿ ಹಿಡಿದು

ಕೆನಡಾದ ಯೂಕಾನ್ ಪ್ರದೇಶಕ್ಕೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಧ್ರುವಪ್ರಭೆ ನೋಡಲು ಹೋಗುತ್ತಾರೆ. ನಾವು ಹೋದದ್ದು ಒಂದು ಹಾಕಿ ತಂಡದ ಜಾಡು ಹಿಡಿದು. ಬ್ರಾಂಪ್ಟನ್‌ನಲ್ಲಿರುವ ನನ್ನ ತಮ್ಮನ ಮಗ ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಆ ಆಟದ ಹೆಸರಾಂತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಇತಿಹಾಸದಲ್ಲೇ ಅತಿ ದೊಡ್ಡ ಸೋಲುಂಡ ತಂಡದ ಗೋಲ್‌ಕೀಪರ್ ಕೂಡ ತನ್ನಂತೆಯೇ ಹದಿಹರೆಯದವನೆಂದು ಅವನು ಎಲ್ಲೋ ಓದಿದ್ದ. ಆ ಹುಡುಗ ಹೊರಟ ಊರಿನಿಂದಲೇ ನಾವೂ ಹೊರಡಬೇಕೆಂದು ಹಟ ಹಿಡಿದ. ಹೀಗೆ ಶುರುವಾದ ಪ್ರಯಾಣವಿದು. ಇದೇ ದಾರಿಯಲ್ಲಿ ಹೋಗಬೇಕೆನ್ನುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಕಥೆ ತಿಳಿದಿರಲಿ. ಅದು ಗೊತ್ತಿಲ್ಲದೆ ಹೋದರೆ ಈ ದಾರಿಯಲ್ಲಿ ಕಾಣುವುದು ಸ್ಪ್ರೂಸ್ ಮರಗಳು ಮತ್ತು ನದಿ ಮಾತ್ರ. 1896ರಲ್ಲಿ ಕ್ಲಾಂಡೈಕ್ ಕಣಿವೆಯಲ್ಲಿ ಚಿನ್ನ ಸಿಕ್ಕಿತು. ಎರಡೇ ವರ್ಷದಲ್ಲಿ ಡಾಸನ್ ಸಿಟಿ ಸಾವಿರಾರು ಜನರಿಂದ ತುಂಬಿತು. 1904ರ ಹೊತ್ತಿಗೆ ಜನ ಕರಗತೊಡಗಿದ್ದರೂ ಊರಿನಲ್ಲಿ ಹವ್ಯಾಸಿ ಕ್ರೀಡಾ ಸಂಘವಿತ್ತು, ಐಸ್ ರಿಂಕ್ ಎಂಬ ಮಂಜುಗಡ್ಡೆಯ ಆಟದಂಗಳ ಇತ್ತು, ಒಳ್ಳೆಯ ಹಾಕಿ ಆಟಗಾರರಿದ್ದರು. ಆಗ ಸ್ಟ್ಯಾನ್ಲಿ ಕಪ್ ಹವ್ಯಾಸಿಗಳ ಪ್ರಶಸ್ತಿ. ಟ್ರಸ್ಟಿಗಳು ಒಪ್ಪಿದರೆ ದೇಶದ ಯಾವ ಮೂಲೆಯ ತಂಡವಾದರೂ ಕಪ್ ಗೆದ್ದವರಿಗೆ ಸವಾಲು ಹಾಕಬಹುದಿತ್ತು. ಡಾಸನ್‌ನ ಗಣಿ ಉದ್ಯಮಿ ಜೋ ಬಾಯ್ಲ್ ಬೆನ್ನಿಗೆ ನಿಂತು ಸವಾಲು ಕಳುಹಿಸಿದ. ಎದುರಾಳಿ ಒಟ್ಟಾವಾದ ಪ್ರಸಿದ್ಧ ಸಿಲ್ವರ್ ಸೆವೆನ್. ಸುಮಾರು 6,400 ಕಿಲೋಮೀಟರ್ ದೂರ. ಡಿಸೆಂಬರ್ 18–19ರ ಸುಮಾರಿಗೆ ಹೊರಟ ಡಾಸನ್ ಸಿಟಿ ನಗೆಟ್ಸ್ ತಂಡ ಒಟ್ಟಾವಾ ತಲುಪಿದ್ದು 1905ರ ಜನವರಿ 11ರಂದು.

ಯಾವಾಗ ಹೋಗಬೇಕು

ಅವರು ಹೋದ ತಿಂಗಳಲ್ಲೇ ಹೋಗುವ ಆಸೆ ಬೇಡ. ಡಿಸೆಂಬರ್‌ನಲ್ಲಿ ಡಾಸನ್‌ನ ಉಷ್ಣಾಂಶ ಮೈನಸ್ 40 ಡಿಗ್ರಿಗೆ ಇಳಿಯುವುದುಂಟು, ಹಗಲು ನಾಲ್ಕೈದು ಗಂಟೆಯಷ್ಟೇ. ಜೊತೆಗೆ ಅಲಾಸ್ಕದ ಸ್ಕ್ಯಾಗ್ವೆ ಬಂದರಿನಿಂದ ಬೆಟ್ಟ ಹತ್ತುವ ವೈಟ್ ಪಾಸ್ ಪ್ರವಾಸಿ ರೈಲು ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಮೇ ಮೊದಲ ವಾರದಲ್ಲಿ ಒಬ್ಬನೇ ಡಾಸನ್‌ಗೆ ಹೋಗಿದ್ದೆ. ನೋಡಬೇಕೆಂದಿದ್ದ ಬಹುತೇಕ ಎಲ್ಲಕ್ಕೂ ಬೀಗ ಹಾಕಿತ್ತು. ಈ ಸಲ ಆಗಸ್ಟ್ ಕೊನೆಯ ಎರಡು ವಾರ ಆರಿಸಿಕೊಂಡೆವು. ಬರ್ಚ್ ಎಲೆಗಳು ಹಳದಿಗೆ ತಿರುಗುತ್ತಿದ್ದವು, ಸೊಳ್ಳೆಗಳ ಕಾಟ ತಗ್ಗಿತ್ತು, ರಾತ್ರಿಗಳು ಕತ್ತಲಾಗುತ್ತಿದ್ದುದರಿಂದ ಒಂದು ರಾತ್ರಿ ಧ್ರುವಪ್ರಭೆಯೂ ಕಂಡಿತು. ಸೆಪ್ಟೆಂಬರ್ ಎರಡನೆಯ ವಾರ ದಾಟಿದರೆ ಡಾಸನ್‌ನಲ್ಲಿ ಒಂದೊಂದೇ ಬಾಗಿಲು ಮುಚ್ಚತೊಡಗುತ್ತದೆ. ವಸತಿಯನ್ನು ಮೂರು ತಿಂಗಳು ಮೊದಲೇ ಕಾದಿರಿಸಿ. ಊರು ಚಿಕ್ಕದು, ಕೋಣೆಗಳು ಕಡಿಮೆ, ದರ ಹೆಚ್ಚು.

ವೈಟ್‌ಹಾರ್ಸ್‌ನಿಂದ ಡಾಸನ್

ವ್ಯಾಂಕೂವರ್‌ನಿಂದ ವೈಟ್‌ಹಾರ್ಸ್‌ಗೆ ಎರಡೂವರೆ ಗಂಟೆಯ ವಿಮಾನ. ಅಲ್ಲಿಂದ ಡಾಸನ್‌ಗೂ ಚಿಕ್ಕ ವಿಮಾನವಿದೆ. ದಯವಿಟ್ಟು ಅದನ್ನು ಹತ್ತಬೇಡಿ. ಬಾಡಿಗೆ ಕಾರು ತೆಗೆದುಕೊಳ್ಳಿ. ಕ್ಲಾಂಡೈಕ್ ಹೆದ್ದಾರಿಯಲ್ಲಿ ಸುಮಾರು 530 ಕಿಲೋಮೀಟರ್; ನಿಂತು ನಿಂತು ಹೋದರೆ ಎಂಟು ಗಂಟೆ. ಆ ತಂಡ ಕ್ರಮಿಸಿದ್ದು ಹೆಚ್ಚುಕಡಿಮೆ ಇಷ್ಟೇ ದೂರದ ಓವರ್‌ಲ್ಯಾಂಡ್ ಟ್ರೇಲ್ ಎಂಬ ಚಳಿಗಾಲದ ಗಾಡಿದಾರಿಯನ್ನು. ಕೆಲವರು ನಾಯಿಗಳು ಎಳೆಯುವ ಜಾರುಬಂಡಿಯೊಂದಿಗೆ, ಕೆಲವರು ಸೈಕಲ್ ಏರಿ ಹೊರಟಿದ್ದರು. ಸೈಕಲ್‌ಗಳು ಬಹಳ ದೂರ ಬಾಳಲಿಲ್ಲ, ನಡೆದೇ ಸಾಗಬೇಕಾಯಿತು. ಮೊದಲ ದಿನ 46 ಮೈಲಿ, ಎರಡನೆಯ ದಿನ 41, ಮೂರನೆಯ ದಿನ 36. ಅಷ್ಟರಲ್ಲಿ ಕಾಲಿನಲ್ಲಿ ಬೊಬ್ಬೆ ಎದ್ದು ಕೆಲವರು ಬೂಟು ಕಳಚಬೇಕಾಯಿತು.

ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಮುಂದೆ ಅಂಟಿಸಿಕೊಂಡಿದ್ದೆವು. ಡಾಸನ್‌ನಿಂದ ಹಿಂದಿರುಗುವಾಗ, ಅಂದರೆ ಅವರು ಸಾಗಿದ ದಿಕ್ಕಿನಲ್ಲಿ, 74 ಕಿಲೋಮೀಟರ್ ಆದಾಗ ಕಾರು ನಿಲ್ಲಿಸಿ ಇಳಿದೆವು. ಹೆದ್ದಾರಿ ಅವರ ಹಳೆಯ ಹಾದಿಯ ಮೇಲೆಯೇ ಹೋಗುವುದಿಲ್ಲ, ಜಾಗ ಅದೇ ಅಲ್ಲ. ದೂರ ಮಾತ್ರ ಅದೇ. ಒಂದು ಗಂಟೆಗೂ ಕಡಿಮೆ ಹೊತ್ತಿನಲ್ಲಿ ನಾವು ಬಂದಿದ್ದ ಆ ದೂರ ಅವರ ಒಂದು ಇಡೀ ದಿನದ ನಡಿಗೆ. ಹುಡುಗ ಹಿಂದಿರುಗಿ ಬಂದ ದಾರಿಯನ್ನು ಬಹಳ ಹೊತ್ತು ನೋಡಿದ. ನೀವೂ ಹೀಗೆ ನಿಲ್ಲಿ ಎಂದು ಒತ್ತಿ ಹೇಳುತ್ತೇನೆ.

ಪೆಟ್ರೋಲ್ ವಿಷಯದಲ್ಲಿ ಉದಾಸೀನ ಸಲ್ಲದು. ವೈಟ್‌ಹಾರ್ಸ್ ಬಿಟ್ಟರೆ ಕಾರ್ಮ್ಯಾಕ್ಸ್, ಪೆಲ್ಲಿ ಕ್ರಾಸಿಂಗ್‌ನಂಥ ಕೆಲವೇ ಊರುಗಳು. ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುವುದನ್ನು ನಿಯಮ ಮಾಡಿಕೊಳ್ಳಿ. ಊರು ದಾಟಿದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಹೆಚ್ಚುವರಿ ಚಕ್ರ ಸರಿಯಾದ ಅಳತೆಯದೇ ಎಂದು ಕಾರು ಪಡೆಯುವಾಗಲೇ ಡಿಕ್ಕಿ ತೆರೆಸಿ ನೋಡಿ. ಅಲಾಸ್ಕಕ್ಕೆ ಕಾರು ಒಯ್ಯಲು ಅನುಮತಿ ಇದೆಯೇ ಎಂಬುದನ್ನೂ ಅಲ್ಲೇ ಬರವಣಿಗೆಯಲ್ಲಿ ಪಡೆಯಿರಿ.

ದಾರಿಯಲ್ಲಿ ಎರಡು ಕಡೆ ತಪ್ಪದೆ ನಿಲ್ಲಬೇಕು. ವೈಟ್‌ಹಾರ್ಸ್ ಮತ್ತು ಕಾರ್ಮ್ಯಾಕ್ಸ್ ನಡುವೆ ಹೆದ್ದಾರಿಯ ಪಕ್ಕದಲ್ಲೇ ಮಾಂಟೆಗ್ಯೂ ತಂಗುಮನೆಯ ಪಾಳು ಗೋಡೆಗಳಿವೆ. ದಿಮ್ಮಿಗಳ ಮೇಲೆ ದಿಮ್ಮಿ ಇಟ್ಟು ಕಟ್ಟಿದ್ದು, ಈಗ ಚಾವಣಿ ಇಲ್ಲ. ಗಾಡಿದಾರಿಯುದ್ದಕ್ಕೂ ಇಂಥ ತಂಗುಮನೆಗಳಿದ್ದವು; ಕುದುರೆ ಬದಲಿಸಿ, ಬಿಸಿ ಊಟ ಮಾಡಿ, ಒಲೆಯ ಬಳಿ ಮಲಗಿ ಹೊರಡುತ್ತಿದ್ದರು. ಎರಡನೆಯದು ಕಾರ್ಮ್ಯಾಕ್ಸ್ ದಾಟಿದ ಮೇಲೆ ಸಿಗುವ ಫೈವ್ ಫಿಂಗರ್ ರ‍್ಯಾಪಿಡ್ಸ್. ಯೂಕಾನ್ ನದಿ ಬಂಡೆಗಳ ನಡುವೆ ಐದು ಕವಲಾಗಿ ನುಗ್ಗುತ್ತದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿರುವವರು ಮೇಲಿನ ಕಟ್ಟೆಯಿಂದಲೇ ನೋಡಬಹುದು.

ಡಾಸನ್‌ನಲ್ಲಿ ಮೂರು ರಾತ್ರಿ

ಒಂದು ರಾತ್ರಿ ಸಾಲದು. ಈಗ ಸುಮಾರು 1,500 ಜನರ ಊರು. ಮಣ್ಣಿನ ರಸ್ತೆಗಳು, ಮರದ ಹಲಗೆಯ ಕಾಲುದಾರಿಗಳು, ಸದಾ ಹೆಪ್ಪುಗಟ್ಟಿರುವ ನೆಲ ಅಲ್ಲಲ್ಲಿ ಕರಗಿದ್ದರಿಂದ ಒಂದರ ಮೇಲೊಂದು ಒರಗಿ ನಿಂತ ಹಳೆಯ ಅಂಗಡಿಗಳು. 1901ರ ಆಡಳಿತ ಭವನದಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡಿ. ಚಿನ್ನ ಬರುವ ಮೊದಲು ಈ ನೆಲ ಯಾರದಾಗಿತ್ತು ಎಂದು ತಿಳಿಯಲು ನದಿ ದಂಡೆಯಲ್ಲಿರುವ ಮೂಲನಿವಾಸಿ ಟ್ರಾಂಡೆಕ್ ಹ್ವೆಚಿನ್ ಜನರ ಸಾಂಸ್ಕೃತಿಕ ಕೇಂದ್ರಕ್ಕೂ ಹೋಗಿ. ಈ ಪ್ರದೇಶ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಹಾಕಿ ಪ್ರಿಯರು ಹೋಗಬೇಕಾದ ಜಾಗ ಡೈಮಂಡ್ ಟೂತ್ ಗರ್ಟೀಸ್ ಜೂಜುಮನೆಯ ಹಿಂಬದಿ. ಹವ್ಯಾಸಿ ಕ್ರೀಡಾ ಸಂಘದ ಈಜುಕೊಳ ಇದ್ದದ್ದು ಅಲ್ಲಿ. ಮುಂದಿನ ದಶಕಗಳಲ್ಲಿ ಆ ಕೊಳದ ಮೇಲೆ ಹಲಗೆ ಹಾಸಿ ಚಳಿಗಾಲದಲ್ಲಿ ರಿಂಕ್ ಮಾಡುತ್ತಿದ್ದರು; ಮಂಜುಗಡ್ಡೆ ಸಮತಟ್ಟಾಗುತ್ತಿರಲಿಲ್ಲ. 1929ರಲ್ಲಿ ಹಾಕಿ ಸಂಘದ ಖಜಾಂಚಿಯಾಗಿದ್ದ ಬ್ಯಾಂಕ್ ನೌಕರನೊಬ್ಬ ಇದಕ್ಕೊಂದು ದಾರಿ ಹುಡುಕಿದ. ಊರಿನಲ್ಲಿ ಬಿದ್ದಿದ್ದ ಹಳೆಯ ಮೂಕಿ ಚಿತ್ರಗಳ ನೂರಾರು ಸುರುಳಿಗಳನ್ನು ಕೊಳಕ್ಕೆ ತುಂಬಿಸಿ ಮಣ್ಣು ಮುಚ್ಚಿಸಿದ. 1978ರಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆದಾಗ 500ಕ್ಕೂ ಹೆಚ್ಚು ಸುರುಳಿಗಳು ಹೊರಬಂದವು. ಬೇರೆಲ್ಲೂ ಉಳಿಯದಿದ್ದ ಎಷ್ಟೋ ಚಿತ್ರಗಳನ್ನು ಈ ತಣ್ಣನೆಯ ನೆಲ ಕಾಪಾಡಿತ್ತು. ಒಂದು ಸಣ್ಣ ಊರಿನವರಿಗೆ ಹಾಕಿ ಆಡಲು ನುಣುಪಾದ ಮಂಜುಗಡ್ಡೆ ಬೇಕಿತ್ತು, ಅಷ್ಟೇ. ಅದರಿಂದ ಸಿನಿಮಾ ಚರಿತ್ರೆಯ ಒಂದು ಭಾಗ ಉಳಿಯಿತು. ನನಗೆ ಇಡೀ ಪ್ರವಾಸದಲ್ಲಿ ಬಹಳ ಹಿಡಿಸಿದ ಸಂಗತಿ ಇದು.

ಊರಿನಿಂದ ಹದಿನೈದಿಪ್ಪತ್ತು ನಿಮಿಷದ ಹಾದಿಯಲ್ಲಿ, ಬೊನಾಂಜಾ ಹಳ್ಳದ ಬಳಿ, ಡ್ರೆಜ್ ನಂ. 4 ಎಂಬ ಚಿನ್ನ ಸೋಸುವ ತೇಲುಯಂತ್ರವಿದೆ. ಎಂಟು ಅಂತಸ್ತಿನ ಎತ್ತರ. 1912ರಲ್ಲಿ ಅದನ್ನು ಕಟ್ಟಿಸಿದ್ದು ಹಾಕಿ ತಂಡವನ್ನು ಕಳುಹಿಸಿದ ಅದೇ ಜೋ ಬಾಯ್ಲ್‌ನ ಕಂಪನಿ. ಸುತ್ತಲೂ ಯಂತ್ರ ಉಗುಳಿದ ಕಲ್ಲಿನ ಸಾಲುಗುಡ್ಡೆಗಳು ಕಣಿವೆಯುದ್ದಕ್ಕೂ ಬಿದ್ದಿವೆ. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಈ ನೋಟದ ಅರ್ಥವನ್ನು ಯಾರೂ ಹೇಳಬೇಕಾಗಿಲ್ಲ.

ಸಸ್ಯಾಹಾರಿಗಳು ವೈಟ್‌ಹಾರ್ಸ್‌ನಲ್ಲೇ ದಿನಸಿ ಕೊಂಡುಕೊಂಡು, ಅಡುಗೆಮನೆ ಇರುವ ಕೋಣೆ ಹಿಡಿಯುವುದು ಒಳಿತು. ನಾವು ಮನೆಯಿಂದ ತಂದ ಅವಲಕ್ಕಿ, ರವೆ, ಚಟ್ನಿಪುಡಿಗಳಲ್ಲಿ ಆರಾಮವಾಗಿ ಕಳೆದೆವು.

ಸ್ಕ್ಯಾಗ್ವೆ: ಹಡಗು ತಪ್ಪಿದ ಊರು

ವೈಟ್‌ಹಾರ್ಸ್‌ವರೆಗೆ ಬಂದ ತಂಡಕ್ಕೆ ಹಿಮದಿಂದ ರೈಲು ಸಿಗಲಿಲ್ಲ, ದಿನಗಟ್ಟಲೆ ಕಾಯಬೇಕಾಯಿತು. ಸ್ಕ್ಯಾಗ್ವೆ ಬಂದರು ತಲುಪುವ ಕೆಲವೇ ಗಂಟೆ ಮೊದಲು ಅವರು ಹಿಡಿಯಬೇಕಿದ್ದ ‘ಅಮೂರ್’ ಹೊರಟುಹೋಗಿತ್ತು. ಮುಂದಿನ ಹಡಗು ‘ಡಾಲ್ಫಿನ್’ಗಾಗಿ ಐದು ದಿನ ಕಾದರು. ಅದೂ ಅವರನ್ನು ಸಿಯಾಟಲ್‌ಗೆ ಒಯ್ದಿತು. ಅಲ್ಲಿಂದ ರೈಲಿನಲ್ಲಿ ವ್ಯಾಂಕೂವರ್‌ಗೆ ಬರಬೇಕಾಯಿತು. ಪಂದ್ಯಕ್ಕೆ ಮೊದಲು ಸಿಗಬೇಕಿದ್ದ ವಿಶ್ರಾಂತಿ, ಅಭ್ಯಾಸ ಎಲ್ಲವೂ ಹೀಗೆ ದಾರಿಯಲ್ಲೇ ಕರಗಿತು.

ಸ್ಕ್ಯಾಗ್ವೆ ಅಮೆರಿಕಕ್ಕೆ ಸೇರಿದ ಅಲಾಸ್ಕದಲ್ಲಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ಕೆನಡಾದ ಕಾಯಂ ನಿವಾಸಿಗಳಿಗೂ ರಿಯಾಯಿತಿ ಇಲ್ಲ. ಗಡಿ ಠಾಣೆ ತೆರೆದಿರುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ಗಡಿಯಾಚೆ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ. ಇದನ್ನು ಮರೆತರೆ ರೈಲಿನ ಸಮಯದ ಲೆಕ್ಕ ತಪ್ಪುತ್ತದೆ. ವೀಸಾ ಇಲ್ಲದವರು ಕಾರ್‌ಕ್ರಾಸ್‌ವರೆಗೆ ಹೋಗಿ ಹಿಂದಿರುಗಬಹುದು. ಸರೋವರದ ದಂಡೆಯ ಆ ದಾರಿಯೂ ಚೆಲುವಾದದ್ದೇ.

ವೈಟ್ ಪಾಸ್ ರೈಲು 1898ರಿಂದ 1900ರ ನಡುವೆ ಹಾಕಿದ ಮೂರು ಅಡಿ ಅಗಲದ ಕಿರುಹಳಿ. ಹತ್ತುವಾಗ ಎಡಬದಿಯಲ್ಲಿ ಕುಳಿತರೆ ಕಣಿವೆ ಚೆನ್ನಾಗಿ ಕಾಣುತ್ತದೆ. ದೊಡ್ಡ ಪ್ರವಾಸಿ ಹಡಗುಗಳು ಬಂದ ದಿನ ಊರು ಕಿಕ್ಕಿರಿಯುತ್ತದೆ. ಹಡಗುಗಳ ವೇಳಾಪಟ್ಟಿ ನೋಡಿ ಟಿಕೆಟ್ ತೆಗೆಯಿರಿ. ಸಂಜೆ ಹಡಗುಗಳು ಹೊರಟ ಮೇಲೆ ಧಕ್ಕೆಯ ತುದಿಯವರೆಗೆ ನಡೆದು ಹೋಗಿ. ಐದು ದಿನ ಆ ಹುಡುಗರು ನೋಡಿದ್ದು ಅದೇ ಖಾಲಿ ನೀರು.

ರೈಲಿನಲ್ಲಿ ಪೂರ್ವಕ್ಕೆ

ಸ್ಕ್ಯಾಗ್ವೆಯಿಂದ ದಕ್ಷಿಣಕ್ಕೆ ಅಲಾಸ್ಕದ ಸರ್ಕಾರಿ ದೋಣಿಗಳಿವೆ, ಆದರೆ ದಿನಗಳು ಹೊಂದಲಿಲ್ಲ. ವೈಟ್‌ಹಾರ್ಸ್‌ಗೆ ಮರಳಿ ವ್ಯಾಂಕೂವರ್‌ಗೆ ಹಾರಿದೆವು. ಅಲ್ಲಿಂದ ಟೊರಾಂಟೊಗೆ ರೈಲು: ನಾಲ್ಕು ರಾತ್ರಿ, 4,466 ಕಿಲೋಮೀಟರ್. ತಂಡ ಹೋದದ್ದು ಬ್ಯಾನ್ಫ್ ಕಡೆಯ ಕೆನಡಿಯನ್ ಪೆಸಿಫಿಕ್ ಹಳಿಯಲ್ಲಿ. ಇಂದಿನ ಈ ರೈಲು ಜ್ಯಾಸ್ಪರ್ ಮೂಲಕ ಹೋಗುತ್ತದೆ. ಸರಕು ರೈಲುಗಳಿಗೆ ದಾರಿ ಬಿಟ್ಟು ಸಾಗಬೇಕಾದ್ದರಿಂದ ಹಲವು ಗಂಟೆ ತಡವಾಗುವುದು ಸಾಮಾನ್ಯ. ಟೊರಾಂಟೊದಲ್ಲಿ ಒಂದು ದಿನ ಬಿಡುವು ಇಟ್ಟುಕೊಳ್ಳಿ. ಆ ದಿನ ಹಾಕಿ ಹಾಲ್ ಆಫ್ ಫೇಮ್‌ಗೆ ಹೋಗಿ. ಹಳೆಯ ಬ್ಯಾಂಕ್ ಕಟ್ಟಡದ ತಿಜೋರಿ ಕೋಣೆಯಲ್ಲಿ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಮೂಲ ಬಟ್ಟಲು ಇದೆ. ಅನ್ನದ ಬೋಗುಣಿಯಷ್ಟು ಚಿಕ್ಕದು. ಅದಕ್ಕಾಗಿ ಅಷ್ಟು ದೂರ ನಡೆದರೇ ಎಂದು ಹುಡುಗ ಕೇಳಿದ.

ಒಟ್ಟಾವಾ

ಪಂದ್ಯ ಮುಂದೂಡಿ ಎಂದು ಡಾಸನ್ ತಂಡ ಕೇಳಿದರೂ ಒಪ್ಪಿಗೆ ಸಿಗಲಿಲ್ಲ. ಬಂದಿಳಿದ ಎರಡೇ ದಿನಕ್ಕೆ, ಜನವರಿ 13ರಂದು ಮೊದಲ ಪಂದ್ಯ. ಆಗ ತಂಡಕ್ಕೆ ಏಳು ಜನ, ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಮುಂದಕ್ಕೆ ಪಾಸ್ ಮಾಡುವಂತಿಲ್ಲ, ಅರ್ಧ ಗಂಟೆಯ ಎರಡು ಅವಧಿ. 9–2ರಲ್ಲಿ ಸೋತರು. ಒಟ್ಟಾವಾದ ಹಳೆಯ ಆಟಗಾರ, ತಂಡದ ದೊಡ್ಡ ಆಸರೆ ವೆಲ್ಡಿ ಯಂಗ್ ಚುನಾವಣೆಯ ಕೆಲಸದಿಂದ ಬಿಡುವು ಸಿಗದೆ ಸಮಯಕ್ಕೆ ಬಂದಿರಲಿಲ್ಲ. 16ರಂದು ಎರಡನೆಯ ಪಂದ್ಯ: 23–2. ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಫ್ರ್ಯಾಂಕ್ ಮೆಗೀ ಒಬ್ಬನೇ 14 ಗೋಲು ಹೊಡೆದ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಹನ್ನೊಂದು ವರ್ಷಗಳ ನಂತರ ಮೆಗೀ ಮೊದಲ ಮಹಾಯುದ್ಧದಲ್ಲಿ ಸೋಮ್‌ನ ರಣರಂಗದಲ್ಲಿ ಮಡಿದ.

ಅಷ್ಟು ಗೋಲು ಬಿಟ್ಟ ಡಾಸನ್‌ನ ಹದಿಹರೆಯದ ಗೋಲ್‌ಕೀಪರ್ ಆಲ್ಬರ್ಟ್ ಫಾರೆಸ್ಟ್‌ನನ್ನು ಅಂದಿನ ಪತ್ರಿಕೆಗಳು ಹೊಗಳಿದವು. ಅವನಿಲ್ಲದಿದ್ದರೆ ಅಂತರ ಇನ್ನೂ ದೊಡ್ಡದಾಗುತ್ತಿತ್ತು ಎಂದೇ ಬರೆದವು.

ಈ ಪಂದ್ಯಗಳು ನಡೆದ ಡೇ ಸಹೋದರರ ರಿಂಕ್ ಇದ್ದದ್ದು ಗ್ಲ್ಯಾಡ್‌ಸ್ಟನ್ ಅವೆನ್ಯೂ ಮತ್ತು ಬೇ ಬೀದಿ ಸೇರುವಲ್ಲಿ. ರಿಂಕ್ ಈಗಿಲ್ಲ. ಪೇಟೆಯ ನಡುವಿನಿಂದ ನಡೆದೇ ಹೋಗಬಹುದು; ಬರುವಾಗ ಸ್ಪಾರ್ಕ್ಸ್ ಬೀದಿಯಲ್ಲಿ 2017ರಲ್ಲಿ ನಿಲ್ಲಿಸಿದ ಸ್ಟ್ಯಾನ್ಲಿ ಕಪ್ ಸ್ಮಾರಕವನ್ನೂ ನೋಡಿ. 1997ರಲ್ಲಿ ಡಾಸನ್‌ನವರು ಈ ಪ್ರಯಾಣವನ್ನು ಮತ್ತೆ ಮಾಡಿ ಒಟ್ಟಾವಾ ಸೆನೆಟರ್ಸ್‌ನ ಮಾಜಿ ಆಟಗಾರರೊಂದಿಗೆ ಆಡಿದರು, 18–0ರಲ್ಲಿ ಸೋತರು. ಸೋಲುತ್ತೇವೆಂದು ಗೊತ್ತಿದ್ದೇ ಬಂದಿದ್ದರು.

ಆ ಮೂಲೆಯಲ್ಲಿ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ.

“ದೊಡ್ಡಪ್ಪ, ಇಷ್ಟಾದ ಮೇಲೆ ಅವನು ಮತ್ತೆ ಆಡಿದನೇ?”

“ಆಡಿದ. ಆ ಚಳಿಗಾಲದಲ್ಲೇ ತಂಡ ಪೂರ್ವದ ಊರೂರು ತಿರುಗಿ ಆಡಿತು. ಗೆದ್ದದ್ದೂ ಉಂಟು.”

ಮರುದಿನ ಬೆಳಿಗ್ಗೆ ಅವನಿಗೆ ಅಭ್ಯಾಸವಿತ್ತು. ಸಂಜೆಯ ರೈಲಿಗೆ ಟೊರಾಂಟೊ ಕಡೆ ಹೊರಟೆವು.