ಆಟದ ಸಾಮಾನಿನ ಕೋಣೆಯಲ್ಲೊಂದು ಚಿತ್ರ

'ಕ್ಯುರೇಟರ್', ಅಂದರೆ ಪ್ರದರ್ಶನಕ್ಕೆ ಚಿತ್ರ ಆರಿಸಿ ಜೋಡಿಸೋರು, ಅನ್ನೋ ಪದ ನಾನು ಮೊದಲು ಕೇಳಿದ್ದು ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದುವಾಗ. ಆ ಕೆಲಸ ಮಾತ್ರ ಅದಕ್ಕೂ ಮುಂಚೆಯೇ ಮಾಡಿ ಮುಗಿಸಿದ್ದೆ. 1996ರಲ್ಲಿ, ನಾನು ಓದಿದ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ, ಮೈದಾ ಅಂಟು ಕಲಸುತ್ತಾ.

ವಾರ್ಷಿಕೋತ್ಸವಕ್ಕೆ ಚಿತ್ರ ಪ್ರದರ್ಶನ ಇಡಬೇಕು ಅಂತ ತೀರ್ಮಾನವಾಯಿತು. ಡ್ರಾಯಿಂಗ್ ಮೇಷ್ಟ್ರು ನಾಲ್ಕು ಜನರನ್ನು ಸಹಾಯಕ್ಕೆ ಕರೆದರು. ನಾನೂ ಒಬ್ಬಳು. ಬಂದ ಚಿತ್ರ 200ಕ್ಕೂ ಜಾಸ್ತಿ, ಗೋಡೆಯಲ್ಲಿ ಜಾಗ 70ಕ್ಕೆ. ಅದೂ ಹಳೇ ಗಾರೆ ಗೋಡೆ. ಮೊಳೆ ಹೊಡೆದರೆ ಮೊಳೆ ನಿಲ್ಲುತ್ತಿರಲಿಲ್ಲ, ಗಾರೆಯೇ ಉದುರುತ್ತಿತ್ತು. ಕೊನೆಗೆ ಕಿಟಕಿ ಸರಳಿಂದ ಸರಳಿಗೆ ಹುರಿ ಕಟ್ಟಿ, ಬಟ್ಟೆ ಒಣಗಿಸೋ ಕ್ಲಿಪ್ಪಿನಲ್ಲಿ ನೇತುಹಾಕಿದೆವು.

ಅದಕ್ಕೂ ಮೊದಲು ಆರಿಸಬೇಕಿತ್ತಲ್ಲ. ಮೇಷ್ಟ್ರು ಎಲ್ಲವನ್ನೂ ಹಾಲಿನ ನೆಲದ ಮೇಲೆ ಹರಡಿಸಿದರು. ಚಪ್ಪಲಿ ಬಿಟ್ಟು ನಡುವೆ ಓಡಾಡುತ್ತಾ, ಒಂದನ್ನು ಇನ್ನೊಂದರ ಪಕ್ಕಕ್ಕೆ ಸರಿಸುತ್ತಾ, ಸುಮ್ನೆ ನಿಂತು ನೋಡೋರು. ಸರಸ್ವತಿಯರೇ ಏಳು ಜನ ಬಂದಿದ್ದರು. ಅದರಲ್ಲಿ ನನ್ನದೂ ಒಂದು. ಕ್ಯಾಲೆಂಡರ್ ನೋಡಿಕೊಂಡು ಹದಿನೈದು ದಿನ ಕೂತು ಮಾಡಿದ್ದೆ. ಮೇಷ್ಟ್ರು ಎತ್ತಿ ನನ್ನ ಕೈಗೇ ಕೊಟ್ಟರು. "ಕ್ಯಾಲೆಂಡರ್ ಮನೇಲಿ ಇದ್ದೇ ಇದೆ ಅಲ್ವೇನಮ್ಮಾ?" ಆವತ್ತು ನಾನು ಊಟದ ಡಬ್ಬಿ ತೆಗೆಯಲಿಲ್ಲ. ಈಗ ನಾನೂ ಡ್ರಾಯಿಂಗ್ ಟೀಚರ್. ಅವರು ಮಾಡಿದ್ದು ಸರಿ ಅಂತ ಗೊತ್ತು. ಆದರೂ ಆ ತಾವರೆ ಚೆನ್ನಾಗಿ ಬಂದಿತ್ತು ಬಿಡಿ.

ತೊಂದರೆ ಕೊಟ್ಟಿದ್ದು ಇನ್ನೊಂದು ಚಿತ್ರ. ಮಂಡ್ಯ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ರಾತ್ರಿ ಹೊತ್ತಿನ ಆಲೆಮನೆ ಬರೆದಿದ್ದ. ಹಾಳೆ ತುಂಬಾ ಇದ್ದಿಲು ತಿಕ್ಕಿ, ನಡುವೆ ದೊಡ್ಡದಾಗಿ ಒಲೆಯ ಬಾಯಿ. ಅದರೊಳಗೆ ಕೆಂಪು, ಹಳದಿ ಕ್ರೇಯಾನ್. ಮುಟ್ಟಿದರೆ ಕೈಯೆಲ್ಲ ಕಪ್ಪು. ಹಾಲಿನ ಬೆಳಕಿನಲ್ಲಿ ಅದು ಮಸಿಬಟ್ಟೆ ಥರ ಕಾಣುತ್ತಿತ್ತು. ಪಕ್ಕದಲ್ಲಿದ್ದ ದಸರಾ ಅಂಬಾರಿಯ ಬಣ್ಣದ ಮುಂದೆ ಇನ್ನೂ ಕಳೆಗುಂದಿತು. ತೆಗೆದುಬಿಡೋಣ ಸಾರ್ ಅಂದೆವು.

ಮೇಷ್ಟ್ರು ಕೇಳಿದ್ದು ಬೇರೆ. "ಜಗನ್ಮೋಹನ ಅರಮನೇಲಿ ದೀಪದ ಹೆಂಗಸನ್ನ ಎಲ್ಲಿಟ್ಟಿದ್ರು?"

ಹಿಂದಿನ ತಿಂಗಳಷ್ಟೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟುಕೊಂಡು ನಿಂತ ಹೆಂಗಸಿನ ಚಿತ್ರ. ಮೈಸೂರಿನಲ್ಲಿ ಅರ್ಧ ಊರು ಅದನ್ನು ರವಿವರ್ಮನದು ಅಂತಲೇ ನಂಬಿದೆ. ಬರೆದವರು ಎಸ್.ಎಲ್. ಹಲ್ದಂಕರ್, ನಿಂತವಳು ಅವರದೇ ಮಗಳು. ಅದು ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ಇದನ್ನೆಲ್ಲ ಮೇಷ್ಟ್ರು ಅಲ್ಲೇ ನಿಂತು ಹೇಳಿದ್ದರು. ನಮಗೆ ನೆನಪಿದ್ದದ್ದು ಕತ್ತಲೆ ಕೋಣೆ ಮಾತ್ರ. ಆ ಕತ್ತಲೆಯಲ್ಲಿ ಬೆರಳ ಸಂದಿಯ ಕೆಂಪು ನಿಜವಾದ ದೀಪದ್ದೇ ಅನ್ನಿಸಿತ್ತು.

"ಹಾಗಾದ್ರೆ ನಮಗೂ ಒಂದು ಕತ್ತಲೆ ಕೋಣೆ ಬೇಕು" ಅಂದರು ಮೇಷ್ಟ್ರು.

ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಆಟದ ಸಾಮಾನಿನ ಕೋಣೆ. ಪಿ.ಟಿ. ಮೇಷ್ಟ್ರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಬಾಲು, ಲೇಜಿಮ್ಮು ಎಲ್ಲ ಹೊರಗೆ ಹಾಕಿ ಗುಡಿಸಿದೆವು. ಚಿತ್ರದ ಮೇಲೊಂದು 40 ವ್ಯಾಟಿನ ಬಲ್ಬು. ಅದಕ್ಕೆ ರಟ್ಟಿನ ಕೊಳವೆ ತೊಡಿಸಿ, ಬೆಳಕು ಒಲೆಯ ಬಾಯಿಗೆ ಮಾತ್ರ ಬೀಳೋ ಹಾಗೆ ಮಾಡಿದರು. ರಟ್ಟು ಬಿಸಿಯಾಗಿ ಎರಡು ಸಲ ಹೊಗೆ ಬಂತು. ಮೂರನೇ ಸಲ ಡಾಲ್ಡಾ ಡಬ್ಬ ಕತ್ತರಿಸಿ ಹಾಕಿದರು. ಎತ್ತರವನ್ನೂ ಅಳೆದರು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚಿನಲ್ಲಿ ಇರುತ್ತೆ. ನಮ್ಮ ಮೇಷ್ಟ್ರು ಮೂರಡಿಗೇ ಇಳಿಸಿದರು. ಯಾಕೆ ಅಂತ ಕೇಳಿದ್ದಕ್ಕೆ, "ಬಗ್ಗಿ ನೋಡ್ಲಿ" ಅಂದರು ಅಷ್ಟೇ.

ಬಾಗಿಲು ಅರ್ಧ ಮುಚ್ಚಿ ನೋಡಿದಾಗ ಒಲೆ ಉರಿಯುತ್ತಿತ್ತು.

ಪ್ರದರ್ಶನದ ದಿನ ಹನ್ನೊಂದು ಗಂಟೆಗೆ ಸರಿಯಾಗಿ ಕರೆಂಟ್ ಹೋಯಿತು. ಕ್ಯಾಂಡಲ್ ಬೆಳಕಿನಲ್ಲಿ ಚಿತ್ರ ಇನ್ನೂ ಚೆನ್ನಾಗಿ ಕಂಡಿತು ಅಂತ ಬರೆದರೆ ಸುಳ್ಳಾಗುತ್ತೆ. ಏನೂ ಕಾಣಲಿಲ್ಲ. ಬಾಗಿಲಲ್ಲಿ ಸಾಲು ನಿಂತಿದ್ದ ಮಕ್ಕಳು ಬೊಂಬಾಯಿ ಮಿಠಾಯಿ ಕಡೆ ಓಡಿದವು.

ಕರೆಂಟ್ ಬಂದಿದ್ದು ಎರಡು ಗಂಟೆಗೆ. ಅಷ್ಟು ಹೊತ್ತಿಗೆ ಆ ಹುಡುಗನ ಅಪ್ಪ ಊರಿಂದ ಬಂದಿದ್ದರು. ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೋಣೆಯೊಳಗೆ ಹೋಗಿ, ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ತುಂಬಾ ಹೊತ್ತು ಮಾತೇ ಇಲ್ಲ. ಮೇಷ್ಟ್ರು ಬಾಗಿಲ ಹತ್ತಿರ ಪರೀಕ್ಷೆಗೆ ಕೂತವರ ಹಾಗೆ ನಿಂತಿದ್ದರು.

"ಒಲೆ ಬಾಯಿ ಇಷ್ಟು ದೊಡ್ದೇನ್ಲಾ?" ಅಂದರು ಅಪ್ಪ ಆಮೇಲೆ. "ಕೊಪ್ಪರಿಗೆನೇ ಕಾಣ್ದಂಗಾಗದಲ್ಲ."

"ಸಿಪ್ಪೆ ಹಾಕಕ್ಕೆ ಕುಂತ್ಕಂಡ್ರೆ ಅಷ್ಟೇ ಕಣಪ್ಪ ಕಾಣದು" ಅಂದ ಹುಡುಗ.