ಅಂಬಾಸಿಡರ್‌ನಲ್ಲಿ ಚಾರ್ಮಾಡಿ ಏರುವಾಗ

ಮಂಗಳೂರಿನಿಂದ ಹೊರಟು ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ ದಾಟುವವರೆಗೆ ಹಳೇ ಪೆಟ್ರೋಲ್ ಅಂಬಾಸಿಡರ್‌ನ ಕಾಯಿಲೆ ಹೊರಬೀಳುವುದಿಲ್ಲ. ರಸ್ತೆ ಬಹುಪಾಲು ಸಮ, 1489 ಸಿಸಿ ಎಂಜಿನ್ ಆರಾಮಾಗಿ ಎಳೆಯುತ್ತದೆ. ಮೃತ್ಯುಂಜಯ ಹೊಳೆಯ ಬಯಲು ಹಿಂದೆ ಬಿದ್ದು ಚಾರ್ಮಾಡಿ ಘಾಟಿಯ ಏರು ಶುರುವಾದ ಮೇಲೆ ಆಟ ಬೇರೆ. ತಿರುವಿನಲ್ಲಿ ಲಾರಿಗೆ ದಾರಿ ಬಿಟ್ಟು, ಸೆಕೆಂಡ್ ಗೇರ್‌ಗೆ ಹಾಕಿ ಎಕ್ಸಿಲೇಟರ್ ಒತ್ತಿದರೆ ಎಂಜಿನ್ ಬಂದ್. ಮತ್ತೆ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ (ಎಕ್ಸಿಲೇಟರ್ ಒತ್ತದೆ ಎಂಜಿನ್ ತಾನೇ ಓಡುವುದು) ಗಡಿಯಾರದಂತೆ. ಒತ್ತಿದರೆ ಮತ್ತೆ ಬಂದ್.

ತಿರುವಿನಲ್ಲೇ ಬಾನೆಟ್ ಎತ್ತಬಾರದು. ಅಗಲ ಜಾಗ ಸಿಗುವವರೆಗೆ ಹೇಗಾದರೂ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಅಂಬಾಸಿಡರ್‌ನ ಹ್ಯಾಂಡ್‌ಬ್ರೇಕನ್ನು ಘಾಟಿಯಲ್ಲಿ ನಂಬಿದವರು ಕಡಿಮೆ.

ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಹೇಗೆ ನಿಂತಿತು ಅನ್ನುವುದನ್ನು ನೆನಪಿಸಿಕೊಳ್ಳಿ. ಬಿಕ್ಕಳಿಸಿ, ಜಗ್ಗಿ, ಉಸಿರುಗಟ್ಟಿದಂತೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಫಟ್ಟನೆ ನಿಂತರೆ ಕಿಡಿ ಸಾಯುತ್ತಿದೆ. ಅನುಮಾನವಿದ್ದರೆ ಚೋಕ್ ಸ್ವಲ್ಪ ಎಳೆದು ಒತ್ತಿ ನೋಡಿ. ಗಾಳಿಗೆ ಪೆಟ್ರೋಲ್ ಬೆರೆಸುವ ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಚೋಕ್ ಎಂದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುವುದು. ಅದರಿಂದ ಪಿಕಪ್ ಸುಧಾರಿಸಿದರೆ ಪೆಟ್ರೋಲ್ ಕಡೆ ಹುಡುಕಿ. ಏನೂ ವ್ಯತ್ಯಾಸ ಕಾಣದಿದ್ದರೆ ಕಾರ್ಬ್ಯುರೇಟರ್ ತಂಟೆಗೇ ಹೋಗಬೇಡಿ. ದಾರಿಬದಿಯ ಮೆಕ್ಯಾನಿಕ್‌ಗಳ ಕೈ ಮೊದಲು ಹೋಗುವುದು ಅದರ ಸ್ಕ್ರೂಗಳಿಗೇ, ಆಮೇಲೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಪೆಟ್ರೋಲ್ ಕಡೆಯ ಕೆಲಸ ಹೆಚ್ಚಿಲ್ಲ. ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆಳೆದುಕೊಂಡರೆ ಅದರ ತೂತು ಕಟ್ಟಿದೆ. ಶೇ. 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೇ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನ ತುಕ್ಕನ್ನು ಎಬ್ಬಿಸಿ ಫಿಲ್ಟರ್‌ಗೆ ತಂದು ತುಂಬುತ್ತದೆ. ಏರಿನ ಬಿಸಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ಹದಿನೈದು ನಿಮಿಷ ಕಾಯುವುದೇ ಮದ್ದು. ಇನ್ನೊಂದು, ಕಾರ್ಬ್ಯುರೇಟರ್ ತಲೆಯ ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ತೆಗೆದರೆ ಡ್ಯಾಂಪರ್ ಕಡ್ಡಿ ಬರುತ್ತದೆ. ಒಳಗಿನ ಟೊಳ್ಳು ಕೊಳವೆಯ ಬಾಯಿಗಿಂತ 13 ಮಿ.ಮೀ. ಮೇಲಕ್ಕೆ ತೆಳ್ಳಗಿನ ಎಂಜಿನ್ ಆಯಿಲ್ ನಿಂತಿರಬೇಕು. ಅದು ಬತ್ತಿದ್ದರೆ ಎಕ್ಸಿಲೇಟರ್ ಒತ್ತಿದೊಡನೆ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ತಟ್ಟನೆ ಮೇಲೇಳುತ್ತದೆ, ಗಾಳಿ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಎಂಜಿನ್ ಮುಗ್ಗರಿಸುತ್ತದೆ.

ಫಟ್ಟನೆ ನಿಲ್ಲುವ ಕಾರಿಗೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ಬಿಚ್ಚಲೇಬೇಕು. ಒಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಕೂತಿರುವ ಪ್ಲೇಟು ನಿಂತಲ್ಲೇ ನಿಲ್ಲುವುದಲ್ಲ. ಎಂಜಿನ್ ಗಾಳಿ ಹೀರುವ ಸೆಳೆತ, ಅಂದರೆ ವ್ಯಾಕ್ಯೂಮ್, ಎಳೆದಂತೆ ಕೆಲವು ಡಿಗ್ರಿ ತಿರುಗುತ್ತದೆ. ಐಡ್ಲಿಂಗ್‌ನಲ್ಲಿ ಅಲುಗದ ಪ್ಲೇಟು ಎಕ್ಸಿಲೇಟರ್ ಒತ್ತಿದ ಕ್ಷಣ ಸರಿಯುತ್ತದೆ. ಅದರ ಜೊತೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್‌ನಿಂದ ಪಾಯಿಂಟ್‌ಗೆ ಬರುವ ಪುಟ್ಟ ವೈರೂ, ಪ್ಲೇಟಿನ ಅರ್ಥ್ ವೈರೂ ಪ್ರತಿಸಲ ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ, ಮೇಲಿನ ಸಿಪ್ಪೆ ಮಾತ್ರ ಗಟ್ಟಿ. ಕಣ್ಣಿಗೆ ವೈರ್ ಹೊಸದರಂತೆ. ಇಗ್ನಿಷನ್ ಆಫ್ ಮಾಡಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿ: ಒಂದು ಕಡೆ ರಬ್ಬರ್‌ನಂತೆ ಹಿಗ್ಗಿದರೆ ಕಳ್ಳ ಅಲ್ಲೇ ಇದ್ದಾನೆ.

ಇದಕ್ಕಿಂತ ಸುಲಭ ಪರೀಕ್ಷೆಯೂ ಇದೆ. ಕಾರ್ಬ್ಯುರೇಟರ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಕಡೆಯ ಬಾಯಿಗೆ ಬಿರಡೆ ಹಾಕಿ ಒತ್ತಿ ನೋಡಿ. ಎಂಜಿನ್ ನಿಲ್ಲದಿದ್ದರೆ ವೈರಿನದೇ ತಪ್ಪು. ಘಾಟಿ ಹತ್ತಲು ಹಾಗೇ ಬಿಟ್ಟರೂ ಆದೀತು: ಪೂರ್ತಿ ಒತ್ತಿ ಏರುವಾಗ ವ್ಯಾಕ್ಯೂಮ್ ಹೇಗೂ ಇಲ್ಲದಷ್ಟೇ. ಸಮ ರಸ್ತೆಯಲ್ಲಿ ಪೆಟ್ರೋಲ್ ಕೊಂಚ ಹೆಚ್ಚು ಕುಡಿಯುತ್ತದೆ, ಅಷ್ಟೆ.

ವೈರ್ ಬದಲಿಸುವಾಗ ಮನೆಯ ಸ್ವಿಚ್‌ಬೋರ್ಡಿನ ಒಂಟಿ ಎಳೆ ವೈರ್ ಬೇಡ, ವಾರದಲ್ಲೇ ಮುರಿಯುತ್ತದೆ. ತೆಳು ಎಳೆಗಳು ಹಲವಿರುವ ಮೆತ್ತನೆ ವೈರ್ ಬೇಕು. ಪ್ಲೇಟು ಪೂರ್ತಿ ತಿರುಗಿದರೂ ಬಿಗಿಯಬಾರದು, ನಡುವೆ ತಿರುಗಿ ಪಾಯಿಂಟ್ ತೆರೆಯುವ ಕ್ಯಾಮ್‌ಗೂ ತಾಗಬಾರದು. ಮುಚ್ಚಳ ಬಿಚ್ಚಿರುವಾಗಲೇ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇದೆಯೇ ನೋಡಿಬಿಡಿ. ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ, ಅದು ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಿಸಿ.

ಅಣ್ಣಪ್ಪಸ್ವಾಮಿ ಗುಡಿಯ ಬಳಿ ವಾಹನಗಳು ನಿಂತು ಕೈಮುಗಿದು ಮುಂದೆ ಹೋಗುತ್ತವೆ. ಮತ್ತೆ ಏರಿಗೆ ಹೊರಡುವ ಆ ಜಾಗವೇ ರಿಪೇರಿಗೆ ಮೊದಲ ಪರೀಕ್ಷೆ. ಸೆಕೆಂಡ್ ಗೇರ್‌ನಲ್ಲಿ ಕಾಲು ಒಮ್ಮೆಲೇ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿ. ಅಲ್ಲಿಂದ ಶೋಲಾ ಕಾಡು, ಮಂಜು, ಕೊಟ್ಟಿಗೆಹಾರದ ನೀರುದೋಸೆ. ದೋಸೆ ಬರುವಷ್ಟರಲ್ಲಿ ಬಾನೆಟ್ ಎತ್ತಿ, ಕಳಚಿದ ಪೈಪ್ ಸಿಕ್ಕಿಸಿದಿರಾ ಎಂದು ನೋಡಿಕೊಳ್ಳಿ; ಮೂಡಿಗೆರೆಯ ಕಡೆಗೆ ಅದು ಬೇಕು.